ಬ್ರಿಟಿಷ್ ಅಪರಾಧಿಗಳ ಗಡೀಪಾರು ಮತ್ತು ಮಂಡ್ಯ ಸೀಮೆಯ ಯುದ್ಧಗಳು

ಮಂಡ್ಯ ಸೀಮೆಯ ಚರಿತ್ರೆಯನ್ನು ಬರೆದವರು ಹದಿನೆಂಟನೆಯ ಶತಮಾನದ ಕೊನೆಯ ದಶಕವನ್ನು ಸಾಮಾನ್ಯವಾಗಿ ಮೂರು ದಿನಗಳ ಸುತ್ತ ಕಟ್ಟಿಕೊಡುತ್ತಾರೆ. 1791ರ ಮೇ 15ರ ಅರಕೆರೆ ಕಾಳಗ, 1799ರ ಮಾರ್ಚ್ 27ರ ಮಳವಳ್ಳಿ ಕಾಳಗ, ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಪತನ. ಟಿಪ್ಪುವಿನ ಮರಣದೊಂದಿಗೆ ಕಥನ ಮುಗಿಯುತ್ತದೆ; ಅನಂತರ ಬರುವುದು ಪೂರ್ಣಯ್ಯನವರ ಆಡಳಿತ, ಒಡೆಯರ ಪುನಃಸ್ಥಾಪನೆ. ಈ ಯುದ್ಧಗಳನ್ನು ನಡೆಸಿದವರು ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋದರು, ಈ ನೆಲದಲ್ಲಿ ಗಳಿಸಿದ ಹಣವನ್ನೂ ಅಧಿಕಾರವನ್ನೂ ಮತ್ತೆಲ್ಲಿ ಬಳಸಿದರು ಎಂಬ ಪ್ರಶ್ನೆಗಳು ಸ್ಥಳೀಯ ಚರಿತ್ರೆಯ ಎಲ್ಲೆಯಾಚೆ ಉಳಿದುಬಿಡುತ್ತವೆ. ಆ ಎಲ್ಲೆಯನ್ನು ದಾಟಿ ನೋಡಿದಾಗ ಅನಿರೀಕ್ಷಿತವಾದೊಂದು ಸಂಬಂಧ ಗೋಚರಿಸುತ್ತದೆ. ಅದು ಇಂಗ್ಲೆಂಡಿನ ಸೆರೆಮನೆಗಳಿಂದ ಆಸ್ಟ್ರೇಲಿಯಾದ ಕರಾವಳಿಗೆ ಅಪರಾಧಿಗಳನ್ನು ಸಾಗಿಸಿದ ವ್ಯವಸ್ಥೆಗೂ ಕಾವೇರಿ ತೀರದ ಈ ಯುದ್ಧಗಳಿಗೂ ಇದ್ದ ಸಂಬಂಧ.

ಗಡೀಪಾರು ಎಂಬ ಶಿಕ್ಷೆ ಕನ್ನಡ ನಾಡಿಗೆ ಹೊಸತಲ್ಲ. ತಪ್ಪಿತಸ್ಥನನ್ನು ಊರಿನಿಂದ, ಸೀಮೆಯಿಂದ, ಕುಲದಿಂದ ಹೊರಹಾಕುವ ಪದ್ಧತಿ ಇಲ್ಲಿಯೂ ಇತ್ತು. ಆದರೆ ಇಂಗ್ಲೆಂಡಿನ ಕಾನೂನು ರೂಪಿಸಿದ ಗಡೀಪಾರಿನ ಸ್ವರೂಪವೇ ಬೇರೆ. ಅಲ್ಲಿ ಅಪರಾಧಿಯನ್ನು ಹೊರಹಾಕುವುದಷ್ಟೇ ಉದ್ದೇಶವಾಗಿರಲಿಲ್ಲ. ಅವನನ್ನು ಹಡಗಿನಲ್ಲಿ ತುಂಬಿ ದೂರದ ವಸಾಹತಿಗೆ ಒಯ್ದು, ನಿಗದಿತ ಅವಧಿಯವರೆಗೆ ಅವನ ದುಡಿಮೆಯನ್ನು ವಶಪಡಿಸಿಕೊಳ್ಳುವುದು ಅದರ ತಿರುಳು. 1718ರಲ್ಲಿ ಜಾರಿಗೆ ಬಂದ ಶಾಸನವು ಸಣ್ಣಪುಟ್ಟ ಕಳವಿಗೆ ಏಳು ವರ್ಷ, ಮರಣದಂಡನೆಯಿಂದ ಕ್ಷಮೆ ಪಡೆದವರಿಗೆ ಹದಿನಾಲ್ಕು ವರ್ಷ ಎಂದು ಅವಧಿಯನ್ನು ಗೊತ್ತುಮಾಡಿತು. ಸಾಗಿಸುವ ಗುತ್ತಿಗೆ ವರ್ತಕರದು. ಅವರು ಅಪರಾಧಿಗಳನ್ನು ವರ್ಜೀನಿಯಾ, ಮೇರಿಲ್ಯಾಂಡ್ ಮೊದಲಾದ ಅಮೆರಿಕದ ವಸಾಹತುಗಳಿಗೆ ಒಯ್ದು ತೋಟದ ಒಡೆಯರಿಗೆ ಅವರ ದುಡಿಮೆಯನ್ನು ಮಾರುತ್ತಿದ್ದರು. 1775ರವರೆಗೆ ಹೀಗೆ ಅಟ್ಲಾಂಟಿಕ್ ದಾಟಿದವರ ಸಂಖ್ಯೆ ಸುಮಾರು 50,000. ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ವಿಧಿಸಬಹುದಾಗಿದ್ದ ಕಾಲದಲ್ಲಿ ಈ ಶಿಕ್ಷೆಯನ್ನು ಇಂಗ್ಲೆಂಡಿನ ಆಳುವ ವರ್ಗ ದಯೆಯೆಂದೇ ಬಗೆದಿತ್ತು.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಈ ದಾರಿಯನ್ನು ಮುಚ್ಚಿತು. ಶಿಕ್ಷೆ ವಿಧಿಸುವುದು ನಿಲ್ಲಲಿಲ್ಲ, ಕಳುಹಿಸಲು ಮಾತ್ರ ಜಾಗವಿರಲಿಲ್ಲ. 1776ರ ಶಾಸನವೊಂದರ ಮೇರೆಗೆ ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ್ದ ಹಳೆಯ ಹಡಗುಗಳನ್ನೇ ಸೆರೆಮನೆಗಳನ್ನಾಗಿ ಮಾಡಿ, ಕೈದಿಗಳಿಂದ ನದಿಯ ಹೂಳೆತ್ತಿಸಲಾಯಿತು. ದಂಗೆ ಅಡಗಿದ ಮೇಲೆ ಹಿಂದಿನಂತೆಯೇ ಅಮೆರಿಕಕ್ಕೆ ಕಳುಹಿಸಬಹುದೆಂಬ ನಿರೀಕ್ಷೆಯಿಂದ ಇದನ್ನು ತಾತ್ಕಾಲಿಕ ಏರ್ಪಾಡೆಂದು ಭಾವಿಸಲಾಗಿತ್ತು. ಆ ನಿರೀಕ್ಷೆಯನ್ನು ಮುರಿದದ್ದು 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ನಡೆದ ಶರಣಾಗತಿ. ಅಲ್ಲಿ ಶರಣಾದ ಬ್ರಿಟಿಷ್ ಸೇನೆಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷಗಳ ತರುವಾಯ ಮದ್ದೂರಿನ ಕೋಟೆಯನ್ನು ಕೆಡವಿಸಿ ಅರಕೆರೆಯ ಬಳಿ ಕಾವೇರಿಯ ದಂಡೆಗೆ ಬಂದು ನಿಂತವನೂ ಇವನೇ.

1786ನೆಯ ಇಸವಿ ಈ ದೃಷ್ಟಿಯಿಂದ ವಿಶೇಷವಾಗಿ ಗಮನಿಸತಕ್ಕದ್ದು. ಆ ವರ್ಷದ ಆಗಸ್ಟ್ 11ರಂದು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಮಲಯದ ಪೆನಾಂಗ್ ದ್ವೀಪವನ್ನು ವಶಪಡಿಸಿಕೊಂಡನು. ಅದೇ ತಿಂಗಳಲ್ಲಿ ಲಂಡನ್ನಿನ ಸರ್ಕಾರ, ಗೃಹಮಂತ್ರಿ ಲಾರ್ಡ್ ಸಿಡ್ನಿಯ ಮೂಲಕ, ಅಪರಾಧಿಗಳ ವಸಾಹತಿಗಾಗಿ ಬಾಟನಿ ಕೊಲ್ಲಿಯನ್ನು ಆರಿಸಿತು. ಮರುತಿಂಗಳು ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದನು. ಬಾಟನಿ ಕೊಲ್ಲಿ ಬ್ರಿಟಿಷ್ ಅಪರಾಧಿಗಳಿಗೆ. ಪೆನಾಂಗ್, ಕೆಲವೇ ವರ್ಷಗಳಲ್ಲಿ, ಭಾರತದ ಅಪರಾಧಿಗಳಿಗೆ. ಒಂದು ಸಾಮ್ರಾಜ್ಯವನ್ನು ಕಳೆದುಕೊಂಡ ರಾಷ್ಟ್ರ ಪೂರ್ವದಿಕ್ಕಿನಲ್ಲಿ ಮತ್ತೊಂದನ್ನು ಕಟ್ಟಲು ಹೊರಟಾಗ ಸೈನಿಕನ ಹಿಂದೆಯೇ ಕೈದಿಯೂ ಸಾಗಿದನು.

ಆರ್ಥರ್ ಫಿಲಿಪ್‌ನ ನಾಯಕತ್ವದಲ್ಲಿ 11 ಹಡಗುಗಳ ಮೊದಲ ತಂಡ 1787ರ ಮೇ 13ರಂದು ಪೋರ್ಟ್ಸ್‌ಮತ್ ಬಂದರನ್ನು ಬಿಟ್ಟಿತು. ಅದರಲ್ಲಿದ್ದ ಅಪರಾಧಿಗಳು 750ಕ್ಕೂ ಮಿಕ್ಕು. ರಿಯೋ ಡಿ ಜನೈರೊ, ಗುಡ್ ಹೋಪ್ ಭೂಶಿರಗಳ ಮಾರ್ಗವಾಗಿ ಎಂಟು ತಿಂಗಳು ಪಯಣಿಸಿ, ಬಾಟನಿ ಕೊಲ್ಲಿ ವಾಸಕ್ಕೆ ತಕ್ಕುದಲ್ಲವೆಂದು ಕಂಡು, ಸ್ವಲ್ಪ ಉತ್ತರಕ್ಕೆ ಸರಿದು 1788ರ ಜನವರಿ 26ರಂದು ಇಂದಿನ ಸಿಡ್ನಿಯ ನೆಲೆಯಲ್ಲಿ ಅವರು ಇಳಿದರು. ಮೊದಲ ತಂಡದಲ್ಲಿ ಸಾವು ಕಡಿಮೆ. 1790ರಲ್ಲಿ ತಲುಪಿದ ಎರಡನೆಯ ತಂಡದ ಕಥೆ ಹಾಗಲ್ಲ. ಗುಲಾಮರ ವ್ಯಾಪಾರದಲ್ಲಿ ಪಳಗಿದ್ದ ಸಂಸ್ಥೆಯೊಂದು ಅದರ ಗುತ್ತಿಗೆ ಹಿಡಿದಿತ್ತು. ಹಡಗು ಹತ್ತಿದ ತಲೆಯೊಂದಕ್ಕೆ 17 ಪೌಂಡು 7 ಶಿಲಿಂಗು 6 ಪೆನ್ಸಿನಂತೆ ಹಣ ಸಲ್ಲುತ್ತಿತ್ತು. ಆ ತಲೆ ಜೀವಂತವಾಗಿ ಇಳಿಯಬೇಕೆಂಬ ಷರತ್ತು ಇರಲಿಲ್ಲ. ಕೋಳ ತೊಡಿಸಿ ಹಡಗಿನ ತಳದಲ್ಲಿ ಕೂಡಿಹಾಕಿದ ಸುಮಾರು ಸಾವಿರ ಮಂದಿಯಲ್ಲಿ ಕಾಲುಭಾಗದಷ್ಟು ಜನ ದಾರಿಯಲ್ಲಿಯೇ ಸತ್ತರು. ಸತ್ತವರ ಪಾಲಿನ ಪಡಿ ಉಳಿದರೆ ಗುತ್ತಿಗೆದಾರರಿಗೆ ಲಾಭವೇ. ಶಿಕ್ಷೆಯನ್ನು ಗುತ್ತಿಗೆಗೆ ಕೊಟ್ಟಾಗ ನ್ಯಾಯಾಧೀಶ ಬರೆದ ತೀರ್ಪಿಗೂ ಕೈದಿ ಅನುಭವಿಸುವ ದಂಡನೆಗೂ ಎಷ್ಟು ಅಂತರ ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಈ ಹೊಸ ವಸಾಹತಿನ ಉಳಿವು ಭಾರತವನ್ನು ಬಹುಮಟ್ಟಿಗೆ ಅವಲಂಬಿಸಿತ್ತು ಎಂಬ ಸಂಗತಿ ನಮ್ಮ ಪಠ್ಯಗಳಲ್ಲಿ ಬರುವುದಿಲ್ಲ. ಬೆಳೆ ಕೈಕೊಟ್ಟು ಸಿಡ್ನಿ ಹಸಿವಿನಿಂದ ಬಳಲುತ್ತಿದ್ದಾಗ ಫಿಲಿಪ್ 1791ರಲ್ಲಿ ‘ಅಟ್ಲಾಂಟಿಕ್’ ಎಂಬ ಹಡಗನ್ನು ಕಲ್ಕತ್ತೆಗೆ ಕಳುಹಿಸಿ ಅಕ್ಕಿ ಮುಂತಾದ ದಿನಸಿಗಳನ್ನು ತರಿಸಿಕೊಂಡನು. ಅದು 1792ರ ಜೂನ್ ತಿಂಗಳಲ್ಲಿ ಮರಳಿತು. ಕಲ್ಕತ್ತೆಯ ವರ್ತಕ ಮನೆತನದ ರಾಬರ್ಟ್ ಕ್ಯಾಂಬೆಲ್ 1798ರಲ್ಲಿ ಸಿಡ್ನಿಗೆ ಹೋಗಿಬಂದು, ಮುಂದೆ ಅಲ್ಲಿಯೇ ನೆಲೆನಿಂತನು. ಬಂಗಾಳದ ರಮ್ ಅಲ್ಲಿ ನಾಣ್ಯದಂತೆ ಚಲಾವಣೆಯಾಯಿತು. ಇಂಗ್ಲೆಂಡಿನಿಂದ ಕೈದಿಗಳನ್ನು ಹೊತ್ತು ತಂದ ಹಡಗುಗಳಲ್ಲಿ ಅನೇಕವು ಹಿಂದಿರುಗುವಾಗ ಚೀನಾ ಅಥವಾ ಭಾರತದ ಬಂದರುಗಳಲ್ಲಿ ಸರಕು ತುಂಬಿಕೊಂಡು ಹೋಗುತ್ತಿದ್ದವು.

ಅತ್ತ ಕೈದಿಗಳ ವಸಾಹತು ಬೇರೂರುತ್ತಿದ್ದ ಆ ವರ್ಷಗಳಲ್ಲಿಯೇ ಇತ್ತ ಮಂಡ್ಯ ಸೀಮೆ ದಂಡಿನ ಹಾದಿಯಾಗಿತ್ತು. 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರನ್ನು ಗೆದ್ದ ಕಾರ್ನ್‌ವಾಲಿಸ್ ಮಳೆಗಾಲಕ್ಕೆ ಮೊದಲು ಶ್ರೀರಂಗಪಟ್ಟಣವನ್ನು ಹಿಡಿಯಬೇಕೆಂದು ಮೇ ತಿಂಗಳಲ್ಲಿ ಹೊರಟನು. ಅರಕೆರೆಯ ಬಳಿ ಕಾವೇರಿಯನ್ನು ದಾಟಲಾಗಲಿಲ್ಲ. ಮೇ 15ರ ಕಾಳಗದಲ್ಲಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದನಾದರೂ ಮುತ್ತಿಗೆ ಹಾಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಎತ್ತುಗಳು ರೋಗದಿಂದ ಸಾಲುಸಾಲಾಗಿ ಬಿದ್ದವು; ಸೈನಿಕರಿಗೆ ಅಕ್ಕಿಯಿಲ್ಲ, ಜಾನುವಾರಿಗೆ ಮೇವಿಲ್ಲ. ಕಡೆಗೆ ಕನ್ನಂಬಾಡಿಯ ಹತ್ತಿರ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಹೈದರನು ಮತ್ತೆ ಕಟ್ಟಿಸಿದ್ದ ಮದ್ದೂರಿನ ಕೋಟೆ ಹಾಳಾದದ್ದು ಈ ದಂಡಯಾತ್ರೆಯಲ್ಲಿಯೇ. 1792ರ ಫೆಬ್ರವರಿಯಲ್ಲಿ ಮರಾಠರು ಮತ್ತು ನಿಜಾಮನ ಸೇನೆಗಳೊಂದಿಗೆ ಅವನು ಮತ್ತೆ ಬಂದು, ಫೆಬ್ರವರಿ 6ರ ರಾತ್ರಿಯ ದಾಳಿಯಿಂದ ಶ್ರೀರಂಗಪಟ್ಟಣದ ಹೊರವಲಯವನ್ನು ವಶಪಡಿಸಿಕೊಂಡನು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಒತ್ತೆಯಾಳುಗಳಾಗಿ ಇಬ್ಬರು ಮಕ್ಕಳು: ಇದು ಟಿಪ್ಪು ತೆತ್ತ ಬೆಲೆ.

1799ರ ಯುದ್ಧದಲ್ಲಿ ಜನರಲ್ ಹ್ಯಾರಿಸ್‌ನ ಸೇನೆ ಪೂರ್ವದಿಂದ ಬಂದಿತು. ಕೊಡಗಿನ ಗಡಿಯಲ್ಲಿ ಮುಂಬಯಿಯ ಸೇನೆಯನ್ನು ತಡೆಯಲು ಹೋಗಿ ವಿಫಲನಾಗಿ ಮರಳಿದ ಟಿಪ್ಪು, ಮದ್ದೂರಿನ ಹೊಳೆಯ ದಂಡೆಯಲ್ಲಿ ನೆಲೆ ನೋಡಿ, ಅಂತಿಮವಾಗಿ ಮಳವಳ್ಳಿಯ ಹತ್ತಿರ ಎದುರಾದನು. ಮಾರ್ಚ್ 27ರಂದು ನಡೆದ ಆ ಕಾಳಗದಲ್ಲಿ ಎಡಪಾರ್ಶ್ವವನ್ನು ಹಿಡಿದಿದ್ದವನು 33ನೆಯ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಟಿಪ್ಪುವಿನ ಕಾಲಾಳುಗಳ ಗುಂಪೊಂದು ಅವನ ಮೇಲೆ ನೇರವಾಗಿ ಏರಿಹೋಗಿ ಗುಂಡಿನ ಮಳೆಗೆ ಸಿಕ್ಕಿ ಚದುರಿತು. ಮಳವಳ್ಳಿ ಹೈದರನು ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದ ಊರು; ಅಲ್ಲಿಯ ಕೆರೆಯ ಬಳಿ ಟಿಪ್ಪು ಹಣ್ಣಿನ ತೋಟವನ್ನು ಬೆಳೆಸಿದ್ದನು. ಆ ಊರು ಶತ್ರುಗಳ ಉಪಯೋಗಕ್ಕೆ ಬರಬಾರದೆಂದು ಕಾಳಗದ ಬಳಿಕ ಅವನೇ ಅದನ್ನು ಹಾಳುಗೆಡಹಿಸಿದನು. ಶ್ರೀರಂಗಪಟ್ಟಣದ ನೇರ ಹಾದಿಯಲ್ಲಿಯೂ ಮೇವನ್ನೆಲ್ಲ ಸುಡಿಸಲಾಗಿತ್ತು. ಹ್ಯಾರಿಸ್ ಆ ಹಾದಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಮಳವಳ್ಳಿಯ ರೈತನ ಪಾಲಿಗೆ ಎರಡೂ ಕಡೆಯ ದಂಡಿನಿಂದ ಆದದ್ದು ಒಂದೇ, ಬೆಂಕಿ. ಯುದ್ಧದ ಇತಿಹಾಸಗಳಲ್ಲಿ ಇದಕ್ಕೆ ಸಿಗುವುದು ಅರ್ಧ ವಾಕ್ಯ ಮಾತ್ರ.

ಪಶ್ಚಿಮದಿಂದ, ಕಣ್ಣಾನೂರು ಮತ್ತು ಕೊಡಗಿನ ಮಾರ್ಗವಾಗಿ ಬಂದ ಜನರಲ್ ಜೇಮ್ಸ್ ಸ್ಟೂವರ್ಟ್‌ನ ಮುಂಬಯಿ ಸೇನೆಯಲ್ಲಿ ಲಾಕ್ಲನ್ ಮಕ್ವಾರಿ ಎಂಬ ಅಧಿಕಾರಿಯಿದ್ದನು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿ, ಹದಿವಯಸ್ಸಿನಲ್ಲಿಯೇ ಸೇನೆ ಸೇರಿ, ಅಮೆರಿಕದ ಯುದ್ಧವನ್ನು ಕಂಡು, 77ನೆಯ ರೆಜಿಮೆಂಟಿನೊಂದಿಗೆ 1788ರಲ್ಲಿ ಮುಂಬಯಿಗೆ ಬಂದವನು. 1790ರ ಕಣ್ಣಾನೂರು, 1791-92ರ ಶ್ರೀರಂಗಪಟ್ಟಣ, 1795ರ ಕೊಚ್ಚಿ, 1796ರ ಕೊಲಂಬೊ, ಮತ್ತೆ 1799ರ ಶ್ರೀರಂಗಪಟ್ಟಣ: ಹೀಗೆ ದಕ್ಷಿಣ ಭಾರತದ ದಂಡಯಾತ್ರೆಗಳಲ್ಲಿಯೇ ಅವನ ಯೌವನ ಕಳೆಯಿತು. ಅವನು ದಿನಚರಿ ಬರೆಯುವ ಅಭ್ಯಾಸವುಳ್ಳವನು. ಆ ದಿನಚರಿಗಳು ಈಗ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿವೆ. ಮೈಸೂರು ಯುದ್ಧಗಳಿಗೆ ಸಂಬಂಧಿಸಿದ ಆಕರಗಳನ್ನು ಲಂಡನ್ನಿನಲ್ಲಿಯೂ ಚೆನ್ನೈಯಲ್ಲಿಯೂ ಹುಡುಕುವ ಸಂಶೋಧಕರು ಸಿಡ್ನಿಯತ್ತ ತಿರುಗಿ ನೋಡಿರುವುದು ವಿರಳ.

ಶ್ರೀರಂಗಪಟ್ಟಣ ಬಿದ್ದ ರಾತ್ರಿ ಪಟ್ಟಣವೆಲ್ಲ ಲೂಟಿಯಾಯಿತು. ಮರುದಿನ ಆಡಳಿತ ವಹಿಸಿಕೊಂಡ ವೆಲ್ಲೆಸ್ಲಿ ಲೂಟಿಕೋರ ಸೈನಿಕರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ, ಹಲವರಿಗೆ ಚಾಟಿಯೇಟು ಹಾಕಿಸಿ ಶಾಂತಿಯನ್ನು ಸ್ಥಾಪಿಸಿದನು. ಅದರ ಬೆನ್ನಿಗೇ ಅರಮನೆಯ ಖಜಾನೆಯನ್ನು ಲೆಕ್ಕ ಹಾಕಿ, ಯುದ್ಧದ ಬಹುಮಾನವೆಂಬ ಹೆಸರಿನಲ್ಲಿ ದರ್ಜೆಗೆ ತಕ್ಕಂತೆ ಹಂಚಲಾಯಿತು. ಒಟ್ಟು ಮೊತ್ತ ಹನ್ನೊಂದು ಲಕ್ಷ ಪೌಂಡಿಗೂ ಅಧಿಕ. ಹ್ಯಾರಿಸ್ ಒಬ್ಬನ ಪಾಲೇ ಒಂದು ಲಕ್ಷ ನಲವತ್ತು ಸಾವಿರ ಪೌಂಡನ್ನು ಮೀರಿತ್ತು. ಆ ವರ್ಷಗಳಲ್ಲಿ ಲಂಡನ್ನಿನಲ್ಲಿ ಒಂದು ತುಂಡು ಬಟ್ಟೆ ಕದ್ದವನಿಗೆ ಏಳು ವರ್ಷ ಗಡೀಪಾರು. ಹಸಿವಿಗೆ ಕದ್ದವನು ಕೈದಿಯಾಗಿ ಭೂಮಿಯ ಇನ್ನೊಂದು ತುದಿಗೆ ಹೋಗುತ್ತಿದ್ದಾಗ, ರಾಜ್ಯವೊಂದರ ಖಜಾನೆಯನ್ನು ಹಂಚಿಕೊಂಡವರು ಜಮೀನುದಾರರಾಗಿ ತವರಿಗೆ ಮರಳುತ್ತಿದ್ದರು. ಮಕ್ವಾರಿಗೂ ಅದರಲ್ಲಿ ಒಂದು ಪಾಲು ದೊರೆಯಿತು. ಭಾರತದಲ್ಲಿ ಗಳಿಸಿದ ಹಣದಿಂದ ಅವನು ಮಲ್ ದ್ವೀಪದಲ್ಲಿ ಜಮೀನು ಕೊಂಡು, ತೀರಿಹೋದ ಮೊದಲ ಪತ್ನಿ ಜೇನ್ ಜಾರ್ವಿಸ್‌ಳ ನೆನಪಿಗೆ ಜಾರ್ವಿಸ್‌ಫೀಲ್ಡ್ ಎಂದು ಹೆಸರಿಟ್ಟನು.

ಹತ್ತು ವರ್ಷಗಳ ನಂತರ ಇದೇ ಮಕ್ವಾರಿ ನ್ಯೂ ಸೌತ್ ವೇಲ್ಸ್‌ನ ಗವರ್ನರನಾದನು. 1808ರ ಜನವರಿ 26ರಂದು ಅಲ್ಲಿಯ ಸೇನಾತುಕಡಿಯೇ ದಂಗೆಯೆದ್ದು ಗವರ್ನರ್ ವಿಲಿಯಂ ಬ್ಲೈನನ್ನು ಪದಚ್ಯುತಗೊಳಿಸಿತ್ತು. ರಮ್ ವ್ಯಾಪಾರದಲ್ಲಿ ಮುಳುಗಿದ್ದ ಆ ತುಕಡಿಯನ್ನು ಹಿಂದಕ್ಕೆ ಕರೆಸಿಕೊಂಡು, ಅದರ ಬದಲಿಗೆ ಮಕ್ವಾರಿಯ ಕೈಕೆಳಗಿನ 73ನೆಯ ರೆಜಿಮೆಂಟನ್ನು ಕಳುಹಿಸಲಾಯಿತು. ಈ ರೆಜಿಮೆಂಟಿನ ಹೆಸರು ಕನ್ನಡ ನಾಡಿಗೆ ಪರಿಚಿತವೇ. 1783-84ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದು ಕಾದಾಡಿದ್ದು ಇದರ ಪೂರ್ವರೂಪವಾದ ಪಡೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕನ್ನು ಹತ್ತಿದವರಲ್ಲಿಯೂ 73ನೆಯವರಿದ್ದರು. 1809ರ ವೇಳೆಗೆ ಸಾಲಿನಲ್ಲಿದ್ದ ಸಿಪಾಯಿಗಳಲ್ಲಿ ಬಹುಪಾಲು ಹೊಸಬರು ಎಂಬುದನ್ನು ಮರೆಯಬಾರದು. ಉಳಿದುಬಂದದ್ದು ರೆಜಿಮೆಂಟಿನ ಹೆಸರು, ಬಿರುದು ಮತ್ತು ರೂಢಿಗಳು. ಅವರನ್ನು ಒಯ್ದ ಎರಡು ಹಡಗುಗಳಲ್ಲಿ ಒಂದರ ಹೆಸರು ‘ಹಿಂದೂಸ್ತಾನ್’. 1810ರ ಜನವರಿ 1ರಂದು ಮಕ್ವಾರಿ ಅಧಿಕಾರ ಸ್ವೀಕರಿಸಿದನು.

ಅವನ ಹನ್ನೆರಡು ವರ್ಷಗಳ ಆಡಳಿತ ಬ್ರಿಟಿಷ್ ಅಪರಾಧಿಯ ಚರಿತ್ರೆಯಲ್ಲಿ ಒಂದು ತಿರುವು. ಅಪರಾಧಿಯನ್ನು ಸರ್ಕಾರಿ ಕೆಲಸಕ್ಕೆ ಹಚ್ಚುವುದು ಅಥವಾ ಖಾಸಗಿ ಜಮೀನುದಾರರಿಗೆ ಒಪ್ಪಿಸುವುದು ಮೊದಲಿನಿಂದಲೂ ಇತ್ತು. ನಡತೆ ಒಳ್ಳೆಯದಿದ್ದರೆ ಅವಧಿ ಮುಗಿಯುವ ಮುನ್ನವೇ ಸ್ವಂತ ದುಡಿಮೆಗೆ ಅವಕಾಶ ನೀಡುವ ರಜಾ ಚೀಟಿ, ಷರತ್ತಿನ ಕ್ಷಮೆ, ಪೂರ್ಣ ಕ್ಷಮೆ ಎಂಬ ಮೆಟ್ಟಿಲುಗಳೂ ಇದ್ದವು. ಬಿಡುಗಡೆಯಾದ ಒಂಟಿ ಗಂಡಸಿಗೆ 30 ಎಕರೆ, ಮದುವೆಯಾಗಿದ್ದರೆ ಇನ್ನೂ 20, ಮಗುವೊಂದಕ್ಕೆ 10 ಎಕರೆ ಭೂಮಿ ಕೊಡಬೇಕೆಂದು ಫಿಲಿಪ್‌ನಿಗೆ ಕೊಟ್ಟ ಸೂಚನೆಗಳಲ್ಲಿಯೇ ಇತ್ತು. ಮಕ್ವಾರಿ ಇದನ್ನು ಸಾಮಾಜಿಕ ಮಟ್ಟಕ್ಕೆ ಏರಿಸಿದನು. ಶಿಕ್ಷೆ ಮುಗಿದವನು ತಾನು ಕಳೆದುಕೊಂಡ ಸ್ಥಾನಕ್ಕೆ ಮರಳಬೇಕು, ಅವನ ಹಿಂದಿನದನ್ನು ಮತ್ತೆ ಕೆದಕಬಾರದು ಎಂಬುದು ಅವನ ನಿಲುವು. ಕಳವಿಗಾಗಿ ಗಡೀಪಾರಾಗಿ ಬಂದಿದ್ದ ಆಂಡ್ರೂ ಥಾಮ್ಸನ್ ಮತ್ತು ಸಿಮಿಯನ್ ಲಾರ್ಡ್ ಇಬ್ಬರನ್ನೂ 1810ರಲ್ಲಿ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸಿ ತನ್ನ ಊಟದ ಮೇಜಿಗೆ ಕರೆದನು. ಸ್ವತಂತ್ರವಾಗಿ ಬಂದು ನೆಲೆಸಿದ್ದ ಶ್ರೀಮಂತರಿಗೆ ಇದು ಸಹಿಸಲಾಗದ ಅವಮಾನವಾಯಿತು.

ವಿಲಿಯಂ ರೆಡ್‌ಫರ್ನ್‌ನ ಪ್ರಸಂಗ ಇವರೆಲ್ಲರಿಗಿಂತ ಹೆಚ್ಚು ಅರ್ಥಪೂರ್ಣವಾದುದು. 1797ರಲ್ಲಿ ನೋರ್ ಎಂಬಲ್ಲಿ ನಾವಿಕರು ದಂಗೆಯೆದ್ದಾಗ ಅವರ ಪಕ್ಷ ವಹಿಸಿದನೆಂಬ ಆರೋಪದ ಮೇಲೆ ಮರಣದಂಡನೆಗೆ ಗುರಿಯಾಗಿ, ಅದು ಗಡೀಪಾರಾಗಿ ಪರಿವರ್ತಿತವಾಗಿ 1801ರಲ್ಲಿ ಬಂದ ಹಡಗಿನ ವೈದ್ಯ ಅವನು. 1803ರಲ್ಲಿ ಕ್ಷಮೆ ದೊರೆಯಿತು. 1814ರಲ್ಲಿ ಮೂರು ಹಡಗುಗಳಲ್ಲಿ ಕೈದಿಗಳು ಹೆಚ್ಚಿನ ಸಂಖ್ಯೆಯಲ್ಲಿ ಸತ್ತಾಗ ಮಕ್ವಾರಿ ಅದರ ಕಾರಣಗಳನ್ನು ಶೋಧಿಸುವ ಹೊಣೆಯನ್ನು ಇವನಿಗೇ ಒಪ್ಪಿಸಿದನು. ಕೈದಿಗಳನ್ನು ದಿನವೂ ಹೊರಗಾಳಿಗೆ ಬಿಡಬೇಕು, ಹಡಗಿನ ತಳವನ್ನು ಶುಚಿಯಾಗಿಡಬೇಕು, ಹಡಗಿನ ಯಜಮಾನನ ಮುಲಾಜಿಲ್ಲದ ನೌಕಾಪಡೆಯ ವೈದ್ಯನೊಬ್ಬ ಪ್ರತಿ ಹಡಗಿನಲ್ಲಿಯೂ ಇರಬೇಕು ಎಂದು ಅವನು ವರದಿ ಸಲ್ಲಿಸಿದನು. ಅದನ್ನು ಲಂಡನ್ ಒಪ್ಪಿಕೊಂಡಿತು. ಆಮೇಲಿನ ಹಡಗುಗಳಲ್ಲಿ ಸಾವಿನ ಪ್ರಮಾಣ ಬಹುಮಟ್ಟಿಗೆ ಇಳಿಯಿತು. ಅದೇ 1814ರಲ್ಲಿ ಬಂದ ಫ್ರಾನ್ಸಿಸ್ ಗ್ರೀನ್‌ವೇ ದಸ್ತಾವೇಜು ತಿದ್ದಿದ ಅಪರಾಧಕ್ಕೆ ಹದಿನಾಲ್ಕು ವರ್ಷದ ಶಿಕ್ಷೆ ಪಡೆದ ಬ್ರಿಸ್ಟಲ್ ನಗರದ ವಾಸ್ತುಶಿಲ್ಪಿ. ಅವನು ರೂಪಿಸಿದ, 1819ರಲ್ಲಿ ಮುಗಿದ ಹೈಡ್ ಪಾರ್ಕ್ ಕೈದಿಗಳ ವಸತಿ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಷ್ಟು ಉದಾರತೆಯನ್ನು ಲಂಡನ್ ಬಹುಕಾಲ ಸಹಿಸಲಿಲ್ಲ. ಗಡೀಪಾರು ಜನರಲ್ಲಿ ಭಯ ಹುಟ್ಟಿಸುತ್ತಿಲ್ಲವೆಂಬ ದೂರಿನ ಮೇಲೆ ಜಾನ್ ಥಾಮಸ್ ಬಿಗ್‌ನನ್ನು 1819ರಲ್ಲಿ ತನಿಖೆಗೆ ಕಳುಹಿಸಲಾಯಿತು. ಅವನ ವರದಿಗಳು ಮಕ್ವಾರಿಯ ನೀತಿಯನ್ನು ಖಂಡಿಸಿದವು. 1822ರಲ್ಲಿ ಸಿಡ್ನಿ ಬಿಟ್ಟ ಮಕ್ವಾರಿ 1824ರ ಜುಲೈ 1ರಂದು ಲಂಡನ್ನಿನಲ್ಲಿ ತೀರಿಕೊಂಡನು.

ಮಕ್ವಾರಿಯ ಔದಾರ್ಯಕ್ಕೆ ಒಂದು ಮೇರೆಯಿತ್ತು. ಬಿಡುಗಡೆಯಾದ ಕೈದಿಗೆ ಅವನು ಹಂಚಿದ ಎಕರೆಗಳು ಖಾಲಿ ನೆಲವಾಗಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಬದುಕಿದ್ದ ಮೂಲನಿವಾಸಿಗಳದು. 1816ರಲ್ಲಿ ಅವರ ಮೇಲೆ ಅವನು ಸೈನಿಕರನ್ನು ಕಳುಹಿಸಿದನು. ಕೊಲ್ಲಲ್ಪಟ್ಟವರ ಶವಗಳನ್ನು ಉಳಿದವರಿಗೆ ಭಯವಾಗುವಂತೆ ಮರಗಳಿಗೆ ತೂಗುಹಾಕಬೇಕೆಂಬುದು ಅವನ ಆಜ್ಞೆ. ಏಪ್ರಿಲ್ 17ರ ಬೆಳಗಿನ ಜಾವ ಆಪಿನ್ ಎಂಬಲ್ಲಿ ಕಡಿಮೆಯೆಂದರೂ 14 ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಕೈದಿಯನ್ನು ಮನುಷ್ಯನೆಂದು ಕಂಡ ಕಣ್ಣು ಇವರನ್ನು ಹಾಗೆ ಕಾಣಲಿಲ್ಲ. ಶ್ರೀರಂಗಪಟ್ಟಣದಿಂದ ಅವನು ಕಲಿತು ಹೋದ ಪಾಠಗಳಲ್ಲಿ ಇದೂ ಸೇರಿರಬಹುದು.

ಈ ಚರಿತ್ರೆಯ ಅಂಚಿನಲ್ಲಿ ಒಬ್ಬ ಭಾರತೀಯನೂ ಕಾಣಿಸಿಕೊಳ್ಳುತ್ತಾನೆ. 1795ರಲ್ಲಿ ಕೊಚ್ಚಿಯಲ್ಲಿದ್ದಾಗ ಮಕ್ವಾರಿ ಇಬ್ಬರು ಬಾಲಕರನ್ನು ಗುಲಾಮರಾಗಿ ಕೊಂಡಿದ್ದನು. ಅವರಲ್ಲಿ ಒಬ್ಬನಿಗೆ ಜಾರ್ಜ್ ಎಂದು ಹೆಸರಾಯಿತು. ಒಡತಿಯ ತವರಿನ ಹೆಸರು ಸೇರಿ ಜಾರ್ಜ್ ಜಾರ್ವಿಸ್ ಆದನು. ಕೊನೆಯವರೆಗೂ ಒಡೆಯನ ಆಪ್ತ ಸೇವಕನಾಗಿ ಉಳಿದ ಅವನು ಸಿಡ್ನಿಗೂ ಹೋದನು. ಅಲ್ಲಿ 1820ರಲ್ಲಿ ಅವನು ಮದುವೆಯಾದದ್ದು ಮೇರಿ ಜೆಲ್ಲಿ ಎಂಬ ಬ್ರಿಟಿಷ್ ಕೈದಿಯನ್ನು. ಕೊಚ್ಚಿಯ ಸಂತೆಯಲ್ಲಿ ಮಾರಾಟವಾದ ಹುಡುಗನೂ ಇಂಗ್ಲೆಂಡಿನ ನ್ಯಾಯಾಲಯ ಗಡೀಪಾರು ಮಾಡಿದ ಹೆಂಗಸೂ ಗವರ್ನರನ ಮನೆಯ ಊಳಿಗದಲ್ಲಿ ಸಂಧಿಸಿದರು. ಅಪರಾಧಿಗಳಾಗಿ ಆಸ್ಟ್ರೇಲಿಯಾಕ್ಕೆ ಬಂದ ಸುಮಾರು 1,62,000 ಮಂದಿಯಲ್ಲಿ ಹೆಂಗಸರು 25,000ದಷ್ಟು. ಅವರಲ್ಲಿ ಮೇರಿಯಂತೆ ಹೆಸರು ದಾಖಲೆಯಲ್ಲಿದ್ದೂ ಕಥೆ ಯಾರಿಗೂ ಬೇಡವಾದವರೇ ಹೆಚ್ಚು.

ಇದೇ ಕಾಲದಲ್ಲಿ ಕಂಪನಿ ಸರ್ಕಾರ ಭಾರತದವರನ್ನು ಹೇಗೆ ಗಡೀಪಾರು ಮಾಡಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟಿಪ್ಪುವಿನ ಕುಟುಂಬವನ್ನು 1799ರಲ್ಲಿಯೇ ಶ್ರೀರಂಗಪಟ್ಟಣದಿಂದ ವೆಲ್ಲೂರಿಗೆ ಸಾಗಿಸಲಾಯಿತು. 1806ರ ಜುಲೈ 10ರ ವೆಲ್ಲೂರು ದಂಗೆಯ ನಂತರ ಅಲ್ಲಿಂದ ಕಲ್ಕತ್ತೆಗೆ. ಅವರ ಮೇಲೆ ವಿಚಾರಣೆ ನಡೆಯಲಿಲ್ಲ, ಅವಧಿ ಹೇಳಲಿಲ್ಲ, ತಲೆಮಾರುಗಳು ಕಳೆದರೂ ಯಾರೂ ಹಿಂದಿರುಗಲಿಲ್ಲ. ತಮಿಳು ಸೀಮೆಯ ಪಾಳೆಯಗಾರರ ಯುದ್ಧದಲ್ಲಿ ಸೆರೆಸಿಕ್ಕ 70ಕ್ಕೂ ಹೆಚ್ಚು ಜನರನ್ನು 1802ರಲ್ಲಿ ತೂತ್ತುಕುಡಿಯಿಂದ ಪೆನಾಂಗ್‌ಗೆ ಹಡಗು ಹತ್ತಿಸಲಾಯಿತು. ಅವರಲ್ಲಿ ಚಿನ್ನಮರುದುವಿನ ಎಳೆಯ ಮಗ ದೊರೈಸ್ವಾಮಿಯೂ ಇದ್ದನು. ಅವನನ್ನು ಅಲ್ಲಿಗೆ ಕಳುಹಿಸುವಲ್ಲಿ ಪಾತ್ರವಹಿಸಿದ್ದ ಜೇಮ್ಸ್ ವೆಲ್ಶ್ 1818ರಲ್ಲಿ ಪೆನಾಂಗ್‌ಗೆ ಹೋದಾಗ, ಕಾಲಕ್ಕೆ ಮುನ್ನವೇ ಮುದುಕನಂತಾಗಿದ್ದ ಅವನ ಗುರುತು ಹಿಡಿಯಲಾರದೆ ಹೋದನು. ಬೆಂಕೂಲನ್, ಪೆನಾಂಗ್, 1815ರಿಂದ 1837ರವರೆಗೆ ಮಾರಿಷಸ್, 1825ರಿಂದ ಸಿಂಗಪುರ, ಕೊನೆಗೆ 1858ರ ಮಾರ್ಚ್‌ನಿಂದ ಅಂಡಮಾನ್: ಭಾರತದ ಕೈದಿಗಳ ದಾರಿ ಹೀಗೆ ಸಾಗಿತು. 1837ರ ಕೊಡಗು-ಕೆನರಾ ಬಂಡಾಯದಲ್ಲಿ ನೇಣಿನಿಂದ ಪಾರಾದ ಕೆಲವರಿಗೂ ಕಡಲಾಚೆಯ ಸೆರೆಯೇ ಗತಿಯಾಯಿತು. ಕಡಲು ದಾಟಿದರೆ ಕುಲ ಕೆಡುತ್ತದೆಂಬ ನಂಬಿಕೆಯಿಂದ ಇಲ್ಲಿಯವರಿಗೆ ಈ ಶಿಕ್ಷೆ ಸಾವಿಗಿಂತ ಭಯಂಕರವೆಂದು ಅಧಿಕಾರಿಗಳು ಲೆಕ್ಕ ಹಾಕಿದ್ದರು. ‘ಕರಿನೀರು’ ಎಂಬ ಪದವನ್ನು ಭಾಷೆಗೆ ಕೊಟ್ಟದ್ದು ಈ ಭಯವೇ.

ಭಾರತದ ಕೈದಿಗೆ ಬಿಡುಗಡೆಯ ದಾರಿಯೇ ಇರಲಿಲ್ಲವೆಂದಲ್ಲ. ಸಿಂಗಪುರದಲ್ಲಿ ರಸ್ತೆ, ಚರ್ಚು, ಸರ್ಕಾರಿ ಭವನಗಳನ್ನು ಕಟ್ಟಿದ ಕೈದಿಗಳಲ್ಲಿ ಹಲವರು ರಜಾ ಚೀಟಿ ಪಡೆದು ಅಲ್ಲಿಯೇ ನೆಲೆಸಿದರು. ಆದರೆ ಗಡೀಪಾರಾದವನು ಮ್ಯಾಜಿಸ್ಟ್ರೇಟನಾಗುವುದಾಗಲಿ, ಗವರ್ನರನ ಪಂಕ್ತಿಯಲ್ಲಿ ಕುಳಿತು ಉಣ್ಣುವುದಾಗಲಿ ಅಲ್ಲಿ ಕಲ್ಪನೆಗೂ ಮೀರಿದ್ದು. ಭಾರತದಲ್ಲಿಯೇ ಅಪರಾಧವೆಸಗಿದ ಬ್ರಿಟಿಷ್ ಸೈನಿಕನನ್ನು ಕಂಪನಿಯು ಪೆನಾಂಗ್‌ಗೆ ಕಳುಹಿಸಲಿಲ್ಲ, ನ್ಯೂ ಸೌತ್ ವೇಲ್ಸ್‌ಗೆ ಕಳುಹಿಸಿತು. ಬಿಳಿಯನೊಬ್ಬ ಕೋಳ ತೊಟ್ಟು ಭಾರತೀಯ ಕೈದಿಗಳ ಸಾಲಿನಲ್ಲಿ ದುಡಿಯುವ ದೃಶ್ಯ ಆಳುವವರ ಘನತೆಗೆ ಕುಂದೆಂದು ಬಗೆಯಲಾಗಿತ್ತು. ಆಸ್ಟ್ರೇಲಿಯಾದ ಪೂರ್ವಭಾಗ ಗಡೀಪಾರನ್ನು ನಿಲ್ಲಿಸಿದಾಗ ಈ ದಾರಿ ಮುಚ್ಚಿತು. ಆಗ ಭಾರತ ಸರ್ಕಾರ 1855ರ 24ನೆಯ ಅಧಿನಿಯಮದ ಮೂಲಕ ಯೂರೋಪಿಯನ್ನರಿಗೂ ಅಮೆರಿಕನ್ನರಿಗೂ ಗಡೀಪಾರಿನ ಬದಲು ಬೇರೆಯೇ ಬಗೆಯ ಸೆರೆವಾಸವನ್ನು ಗೊತ್ತುಪಡಿಸಿತು. 1860ರ ಭಾರತೀಯ ದಂಡ ಸಂಹಿತೆಯ 56ನೆಯ ಪ್ರಕರಣ ಈ ಭೇದವನ್ನು ಶಾಶ್ವತ ನಿಯಮವಾಗಿಸಿತು. ಒಂದೇ ಕೊಲೆಗೆ, ಒಂದೇ ದರೋಡೆಗೆ, ಭಾರತೀಯನಿಗೆ ಅಂಡಮಾನ್. ಯೂರೋಪಿಯನ್ನನಿಗೆ ಅದು ವಿಧಿಸಲ್ಪಡತಕ್ಕದ್ದಲ್ಲ.

ಇಂಗ್ಲೆಂಡಿನಿಂದ ಅಪರಾಧಿಗಳನ್ನು ಹೊತ್ತ ಕೊನೆಯ ಹಡಗು 1868ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾವನ್ನು ತಲುಪಿತು. ಆ ವೇಳೆಗೆ ಅಂಡಮಾನಿನ ಕೈದಿ ನೆಲೆಗೆ ಹತ್ತು ವರ್ಷ. ಅಲ್ಲಿಯ ಸೆಲ್ಯುಲರ್ ಜೈಲಿನ ನಿರ್ಮಾಣ 1896ರಿಂದ 1906ರವರೆಗೆ ನಡೆಯಿತು. ಕಂಪನಿಯು 1799ರಲ್ಲಿ ತನಗೇ ಇಟ್ಟುಕೊಂಡಿದ್ದ ಶ್ರೀರಂಗಪಟ್ಟಣದ ದ್ವೀಪ 1881ರಲ್ಲಿ ಮೈಸೂರಿಗೆ ಮರಳಿತು. ಮಂಡ್ಯ, ಮದ್ದೂರು, ಮಳವಳ್ಳಿಗಳನ್ನೊಳಗೊಂಡ ಪ್ರತ್ಯೇಕ ಜಿಲ್ಲೆ 1939ರಲ್ಲಿ ರೂಪುಗೊಂಡಿತು. ದಂಡ ಸಂಹಿತೆಯ 56ನೆಯ ಪ್ರಕರಣ ರದ್ದಾದದ್ದು ಸ್ವಾತಂತ್ರ್ಯಾನಂತರ, 1949ರಲ್ಲಿ. ಗಡೀಪಾರು ಎಂಬ ಶಿಕ್ಷೆಯನ್ನೇ ಸಂಹಿತೆಯಿಂದ ತೆಗೆದು, ಅದರ ಜಾಗದಲ್ಲಿ ಆಜೀವ ಕಾರಾವಾಸ ಎಂದು ಬರೆದ ತಿದ್ದುಪಡಿ 1955ರಲ್ಲಿ ಅಂಗೀಕೃತವಾಗಿ 1956ರ ಜನವರಿ 1ರಿಂದ ಜಾರಿಗೆ ಬಂದಿತು.